ನಿಲ್ಲುವ ನೀರಿನ ಲೆಕ್ಕ

ಅಂತರಘಟ್ಟಮ್ಮನ ಜಾತ್ರೆಗೆ ಭದ್ರಾವತಿ, ತರೀಕೆರೆ ಕಡೆಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬರುವ ಭಕ್ತರು ಮಲೆನಾಡಿನ ಅಂಚಿನಿಂದ ಹೊರಟು ಬಯಲುಸೀಮೆಯ ಬಾಗಿಲಾದ ಅಂತರಘಟ್ಟೆಗೆ ಬಂದು ಸೇರುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರಗಳ ಈ ಸೀಮೆಗೆ ಪಶ್ಚಿಮದಲ್ಲಿ ಬಾಬಾಬುಡನ್ ಗಿರಿಶ್ರೇಣಿ ಅಡ್ಡ ನಿಂತಿದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಅದರ ನೆತ್ತಿ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಘಟ್ಟ ಏರುವಾಗಲೇ ಬಹುಪಾಲು ಬರಿದಾಗಿಬಿಡುತ್ತವೆ. ಹೀಗಾಗಿ ಒಂದೇ ಚಿಕ್ಕಮಗಳೂರು ಜಿಲ್ಲೆಯೊಳಗೆ ಶೃಂಗೇರಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ಅಲ್ಲಿಂದ ನೂರು ಕಿಲೋಮೀಟರ್ ಕೂಡ ದೂರವಿಲ್ಲದ ಕಡೂರಿಗೆ ಸಿಗುವುದು ಸುಮಾರು 600 ಮಿಲಿಮೀಟರ್. ಮಳೆ ಬದಲಾದಂತೆ ಮನೆಯ ಮಾಡೂ ಬದಲಾಗುತ್ತಿತ್ತು. ಮಲೆನಾಡಿನಲ್ಲಿ ಕಡಿದಾಗಿ ಇಳಿಯುವ ಹೆಂಚಿನ ಮಾಡು. ಅಜ್ಜಂಪುರದಿಂದ ಹೊಸದುರ್ಗದ ಕಡೆಗೆ ಬಯಲು ಬಿಚ್ಚಿಕೊಳ್ಳುತ್ತಿದ್ದಂತೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆ. ಮಳೆ ಜಾಸ್ತಿಯಾದರೆ ಇಳಿಜಾರು, ಕಡಿಮೆಯಾದರೆ ಸಮತಟ್ಟು ಎಂಬುದು ಶಾಲೆಯ ಪಾಠದಲ್ಲೂ ಬರುವ ವಿವರಣೆ. ಅದು ತಪ್ಪಲ್ಲ, ಆದರೆ ಅರ್ಧಕ್ಕೇ ನಿಲ್ಲುತ್ತದೆ. ಮಾಡಿನ ಮೇಲೆ ಎಷ್ಟು ಬೀಳುತ್ತದೆ ಎಂಬುದಕ್ಕಿಂತ, ಬಿದ್ದದ್ದು ನೀರಾಗಿ ಎಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ ಎಂಬುದೇ ಮನೆಯ ಆಯುಷ್ಯವನ್ನು ತೀರ್ಮಾನಿಸುತ್ತದೆ ಎಂಬುದು ಈ ಅಧ್ಯಾಯದ ವಾದ. ಇದನ್ನು ಸ್ಪಷ್ಟವಾಗಿ ಕಾಣಬೇಕಾದರೆ ಮೊದಲು ಹಿಮ ಬೀಳುವ ನಾಡುಗಳಿಗೆ ಹೋಗಬೇಕು. ಆಕಾಶದಿಂದ ಬಿದ್ದದ್ದು ಅಲ್ಲಿ ತಿಂಗಳುಗಟ್ಟಲೆ ಮಾಡಿನ ಮೇಲೇ ಕೂತಿರುತ್ತದೆ.

ಮಳೆನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು, ಅಂದರೆ ಒಂದು ಕಿಲೋ ಭಾರ. ಹಿಮದ ಲೆಕ್ಕ ಇಷ್ಟು ಸಲೀಸಲ್ಲ. ಆಗತಾನೇ ಉದುರಿದ ಹಿಮದಲ್ಲಿ ಗಾಳಿಯೇ ಹೆಚ್ಚು. ಒಂದು ಘನ ಮೀಟರ್ ಹಿಮ ಐವತ್ತರಿಂದ ನೂರು ಕಿಲೋ ತೂಗಬಹುದು. ಕೆಲವು ದಿನ ಕಳೆದು ಕುಸಿದು ಗಟ್ಟಿಯಾದರೆ ಅದೇ ಹಿಮ 200ರಿಂದ 300 ಕಿಲೋ ಆಗುತ್ತದೆ. ಅದರ ಮೇಲೆ ಮಳೆ ಬಿದ್ದು ಹಿಮ ನೀರು ಹೀರಿದರೆ 400 ಕಿಲೋ ದಾಟುತ್ತದೆ. ನೋಡುವವರ ಕಣ್ಣಿಗೆ ಮಾಡಿನ ಮೇಲಿನ ಹಿಮದ ದಪ್ಪ ಇಳಿಯುತ್ತಿದೆ ಎನಿಸುವಾಗಲೇ ಅದರ ಭಾರ ಏರುತ್ತಿರಬಹುದು. ಹಾಗಾಗಿ ಹಿಮದ ನಾಡಿನ ಎಂಜಿನಿಯರು ಇಳಿಜಾರಿನ ಮೊರೆ ಹೋಗುತ್ತಾನೆ. ಭಾರತೀಯ ಮಾನಕ ಬ್ಯೂರೋದ ಐಎಸ್ 875 ಸಂಹಿತೆಯ ನಾಲ್ಕನೆಯ ಭಾಗ ಹಿಮದ ಭಾರಕ್ಕೇ ಮೀಸಲು. ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳಲ್ಲಿ ಮನೆ ಕಟ್ಟುವವರಿಗೆ ಅದು ಬೇಕು. ನೆಲದ ಮೇಲೆ ಕೂರುವ ಹಿಮದಲ್ಲಿ ಎಷ್ಟು ಪಾಲನ್ನು ಮಾಡಿಗೆ ಲೆಕ್ಕ ಹಿಡಿಯಬೇಕು ಎಂದು ಅದು ಹೇಳುತ್ತದೆ. ಸಾದಾ ಮಾಡಿನ ಇಳಿಜಾರು 30 ಡಿಗ್ರಿಯವರೆಗಿದ್ದರೆ ಆ ಪಾಲು 0.8. ಅಲ್ಲಿಂದ ಮೇಲೆ ಕ್ರಮೇಣ ಇಳಿಯುತ್ತ 60 ಡಿಗ್ರಿಗೆ ಸೊನ್ನೆ. ಜಪಾನಿನ ಶಿರಾಕಾವಾ-ಗೋ ಹಳ್ಳಿಯ ಹುಲ್ಲುಮಾಡುಗಳು ಯಾವ ಸಂಹಿತೆಯೂ ಇಲ್ಲದ ಕಾಲದಲ್ಲಿ ಹೆಚ್ಚುಕಡಿಮೆ ಅದೇ 60 ಡಿಗ್ರಿಗೆ ಬಂದು ನಿಂತಿದ್ದವು. ಆ ಹಳ್ಳಿ 1995ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಇಷ್ಟನ್ನೇ ನೋಡಿದರೆ ಹಿಮವನ್ನು ಕೂಡಲೇ ಜಾರಿಸಿಬಿಡುವುದೇ ಜಾಣತನ ಎನಿಸುತ್ತದೆ. ಆದರೆ ಆಲ್ಪ್ಸ್ ಪರ್ವತದ ಹಳೆಯ ಮರದ ಮನೆಗಳ ಮಾಡು ಅಷ್ಟು ಕಡಿದಲ್ಲ. ಅವು ತಗ್ಗಾಗಿ, ಅಗಲವಾಗಿ, ಮೇಲೆ ಕಲ್ಲು ಹೇರಿಕೊಂಡು, ಹಿಮವನ್ನು ಬೇಕೆಂದೇ ಹಿಡಿದಿಟ್ಟುಕೊಳ್ಳುತ್ತವೆ. ಹೊಸ ಹಿಮದ ಸಂದುಗಳಲ್ಲಿ ಸಿಕ್ಕಿಬಿದ್ದ ಗಾಳಿ ಶಾಖವನ್ನು ದಾಟಗೊಡುವುದಿಲ್ಲವಾದ್ದರಿಂದ, ಅದು ಮನೆಗೆ ಹೊದಿಸಿದ ಕಂಬಳಿಯ ಹಾಗೆ ಕೆಲಸ ಮಾಡುತ್ತದೆ. ನಾರ್ವೆಯ ಹಳೆಯ ಮನೆಗಳು ಮಾಡಿನ ಮೇಲೆ ಹುಲ್ಲು ಬೆಳೆದ ಮಣ್ಣನ್ನೇ ಹೊತ್ತಿದ್ದವು. ಅದರ ಮೇಲೆ ಹಿಮ. ಇನ್ನು ಲಡಾಖಿನಲ್ಲಿ ಪೋಪ್ಲರ್ ಮರದ ತೊಲೆ, ವಿಲ್ಲೋ ಕಡ್ಡಿ, ಹುಲ್ಲು, ಮಣ್ಣುಗಳಿಂದ ಮಾಡಿದ ಚಪ್ಪಟೆ ಮಾಳಿಗೆಗಳಿವೆ. ಅಲ್ಲಿ ಬೀಳುವ ಹಿಮ ಒಣ ಪುಡಿ. ಬಿದ್ದ ಕೂಡಲೇ ಗುಡಿಸಿ ಕೆಳಗೆ ತಳ್ಳುತ್ತಾರೆ. ಅಂದಮೇಲೆ ಹಿಮದ ನಾಡಿನಲ್ಲೂ ಒಂದೇ ಉತ್ತರವಿಲ್ಲ. ಜಾರಿಸುವವರಿದ್ದಾರೆ, ಹಿಡಿದಿಡುವವರಿದ್ದಾರೆ, ಗುಡಿಸುವವರಿದ್ದಾರೆ, ಮೂವರ ಮನೆಗಳೂ ನೂರಾರು ವರ್ಷ ಬಾಳಿವೆ. ಮೂವರಿಗೂ ಸಾಮಾನ್ಯವಾದ ಅಂಶ ಒಂದೇ: ಹಿಮ ಒಣಗಿದ್ದಾಗ ಅದನ್ನು ಹೇಗೆ ಬೇಕಾದರೂ ನಡೆಸಿಕೊಳ್ಳಬಹುದು, ಅದು ಮಾಡಿನ ಮೇಲೆ ಕರಗಿ ನೀರಾಗಿ ನಿಲ್ಲಲು ಮಾತ್ರ ಅವರು ಬಿಡಲಿಲ್ಲ.

ಬಿಟ್ಟರೆ ಏನಾಗುತ್ತದೆ ಎಂಬುದು ಇಂದಿನ ಅಮೆರಿಕ, ಕೆನಡಾಗಳ ಮನೆಗಳಲ್ಲಿ ಕಾಣುತ್ತದೆ. ಬಾಸ್ಟನ್, ಮಿನೆಸೋಟ, ಟೊರಾಂಟೊಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಇದು ಹೊಸದಲ್ಲ. ಒಳಗೆ ಮನೆ ಬೆಚ್ಚಗಿರುತ್ತದೆ. ಚಾವಣಿಯ ಕೆಳಗಿನ ಅಟ್ಟಕ್ಕೆ ಶಾಖ ಸೋರಿ, ಮಾಡಿನ ನಡುಭಾಗ ಬಿಸಿಯಾಗಿ, ಹಿಮದ ತಳ ಕರಗುತ್ತದೆ. ಕರಗಿದ ನೀರು ಹಿಮದಡಿಯಲ್ಲೇ ಇಳಿಯುತ್ತ ಸೂರಿನ ಅಂಚಿಗೆ ಬರುತ್ತದೆ. ಗೋಡೆಯಾಚೆ ಚಾಚಿಕೊಂಡ ಆ ಅಂಚಿನ ಕೆಳಗೆ ಬೆಚ್ಚಗಿನ ಕೋಣೆಯಿಲ್ಲ. ಅಲ್ಲಿ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ದಿನ ಕಳೆದಂತೆ ಅಂಚಿನಲ್ಲಿ ಮಂಜುಗಡ್ಡೆಯ ಒಂದು ಕಟ್ಟೆಯೇ ಎದ್ದು, ಅದರ ಹಿಂದೆ ನೀರು ಕೆರೆಯಾಗಿ ನಿಂತು, ಹೊದಿಕೆಯ ಬಿಲ್ಲೆಗಳ ಸಂದಿಯಿಂದ ಮೇಲ್ಮುಖವಾಗಿ ನುಗ್ಗಿ ಮನೆಯೊಳಗೆ ಇಳಿಯುತ್ತದೆ. 2014-15ರ ಚಳಿಗಾಲದಲ್ಲಿ ಬಾಸ್ಟನ್ ನಗರದ ಮೇಲೆ ಎರಡೂಮುಕ್ಕಾಲು ಮೀಟರಿಗೂ ಮಿಕ್ಕಿ ಹಿಮ ಬಿದ್ದಾಗ ಊರಿಗೆ ಊರೇ ಈ ಸೋರಿಕೆಯಿಂದ ಒದ್ದಾಡಿತು. ಉದ್ದ ಹಿಡಿಕೆಯ ಕುಂಟೆಯಿಂದ ನೆಲದ ಮೇಲೆ ನಿಂತೇ ಹಿಮ ಎಳೆದುಹಾಕುವುದು ಅಲ್ಲಿನ ತಕ್ಷಣದ ಉಪಾಯ. ನಿಜವಾದ ಪರಿಹಾರ ಬೇರೆ: ಕೋಣೆಯ ಚಾವಣಿಗೆ ಶಾಖ ತಡೆಯುವ ಪದರ ಹಾಕಿ, ಅದರ ಮೇಲೆ ಗಾಳಿಯಾಡಲು ಜಾಗ ಬಿಟ್ಟು, ಮೇಲಿನ ಹೊದಿಕೆಯನ್ನು ಹೊರಗಿನಷ್ಟೇ ತಣ್ಣಗಿಡುವುದು. ಹಿಮ ಕೂತಿರಲಿ, ಕರಗುವುದು ಬೇಡ ಎಂಬ ಲೆಕ್ಕ. ಮಳೆಯನ್ನೂ ಗಾಳಿಯನ್ನೂ ಎದುರಿಸುವ ಹೊರಗಿನ ಮಾಡು ಒಂದು, ಮನೆಯ ಶಾಖವನ್ನು ಕಾಯುವ ಒಳಗಿನ ಚಾವಣಿ ಇನ್ನೊಂದು, ನಡುವೆ ಗಾಳಿ: ಈ ಎರಡು ಪದರದ ಏರ್ಪಾಡನ್ನು ನೆನಪಿಟ್ಟುಕೊಂಡು ಮುಂದೆ ಓದಬೇಕೆಂದು ಕೋರುತ್ತೇನೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಒಂದರ ಮೇಲೊಂದು ಹೊದಿಸಿದ ಯಾವ ಮಾಡೂ ನೀರು ನಿಲ್ಲಿಸುವುದಕ್ಕೆಂದು ಮಾಡಿದ್ದಲ್ಲ. ಮಂಗಳೂರು ಹೆಂಚೂ ಅಷ್ಟೇ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಆ ಹೆಂಚು ಘಟ್ಟ ಹತ್ತಿ ಬಂದು ನಾಡಹೆಂಚಿನ ಜಾಗ ಹಿಡಿಯಿತು. ಅದರ ಅಂಚಿನ ತೋಡುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಆದರೆ ಸಂದು ಮುಚ್ಚಿಹೋಗುವುದಿಲ್ಲ. ನೀರು ಕೆಳಗೆ ಹರಿಯುತ್ತಿರುವಷ್ಟು ಹೊತ್ತು ಮಾತ್ರ ಮನೆ ಸೋರುವುದಿಲ್ಲ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ವಾರಗಟ್ಟಲೆ ಜಡಿ ಹಿಡಿಯುವ ಮಲೆನಾಡಿನಲ್ಲಿ ಇಂಥ ಸಂದುಗಳುಳ್ಳ ಮಾಡು ತಾಳಿಕೊಂಡಿದ್ದು ಅದರ ಇಳಿಜಾರಿನಿಂದ. ಎಲೆಯ ಕಸ, ಪಾಚಿ ಸೇರಿಕೊಂಡರೆ, ಎರಡು ಇಳಿಜಾರು ಕೂಡುವ ತಗ್ಗಿನಲ್ಲಿ ಗೊಬ್ಬರದ ಹಾಗೆ ಕೊಳೆತದ್ದು ತುಂಬಿಕೊಂಡರೆ, ಬಾಸ್ಟನ್ನಿನ ಮಂಜುಗಡ್ಡೆಯ ಕಟ್ಟೆ ಮಾಡುವ ಕೆಲಸವನ್ನೇ ಅದು ಇಲ್ಲಿ ಮಾಡುತ್ತದೆ. ಅದಕ್ಕೇ ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವ ಪದ್ಧತಿ. ಒಡೆದದ್ದನ್ನು ಬದಲಿಸುವುದು, ಜರುಗಿದ್ದನ್ನು ಕೂರಿಸುವುದು, ಕಸ ಗುಡಿಸುವುದು: ಮೂರೂ ನೀರಿನ ದಾರಿ ತೆರವು ಮಾಡುವ ಕೆಲಸಗಳೇ. ಅಡುಗೆಯ ಒಲೆಯ ಹೊಗೆ ಅಟ್ಟದ ಮೂಲಕ ಏರಿ ಹೆಂಚಿನ ಸಂದಿಯಿಂದ ಹೊರಬೀಳುವಾಗ ಪಕಾಸಿ, ರೀಪುಗಳನ್ನು ಒಣಗಿಸುತ್ತಿತ್ತು, ಹುಳ ಹಿಡಿಯದಂತೆ ಕಾಯುತ್ತಿತ್ತು. ಹಿಮದ ನಾಡಿನಲ್ಲಿ ಅಟ್ಟ ಬೆಚ್ಚಗಾದರೆ ಮಾಡು ಸೋರುತ್ತದೆ. ಮಲೆನಾಡಿನಲ್ಲಿ ಅಟ್ಟ ಬೆಚ್ಚಗಿದ್ದರೆ ಮಾಡು ಬಾಳುತ್ತದೆ. ವಿಧಾನ ತದ್ವಿರುದ್ಧವಾಗಿ ಕಂಡರೂ ಎರಡರ ಗುರಿ ಮರಮುಟ್ಟು ತೇವದಲ್ಲಿ ಕೂರದಂತೆ ನೋಡುವುದೇ.

ಈಗ ಬಯಲಿನ ಮಾಳಿಗೆಗೆ ಬರೋಣ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಕುತೂಹಲದ ಭಾಗ ಇದೇ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಹಲಗೆಯೋ ಕಡ್ಡಿಯೋ, ಸೊಪ್ಪು, ಮೇಲೆ ದಪ್ಪನೆಯ ಮಣ್ಣು. ಮಣ್ಣಿನ ದಪ್ಪ 15ರಿಂದ 20 ಸೆಂಟಿಮೀಟರ್ ಎಂದಿಟ್ಟುಕೊಂಡರೂ, ಘನ ಮೀಟರಿಗೆ 1,600 ಕಿಲೋ ಲೆಕ್ಕದಲ್ಲಿ ಚದರ ಮೀಟರಿಗೆ 240ರಿಂದ 320 ಕಿಲೋ ಭಾರ. ಕುಸಿದು ಗಟ್ಟಿಯಾದ ಒಂದು ಮೀಟರ್ ಹಿಮದ ತೂಕವೂ ಇಷ್ಟೇ. ಅಂದರೆ ಎಂದೂ ಹಿಮ ಕಾಣದ ಈ ಬಯಲಿನ ಮನೆಗಳು ಆಲ್ಪ್ಸ್ ಪರ್ವತದ ಮನೆ ಚಳಿಗಾಲದಲ್ಲಿ ಹೊರುವಷ್ಟು ಭಾರವನ್ನು ವರ್ಷದ ಹನ್ನೆರಡು ತಿಂಗಳೂ ಹೊತ್ತು ನಿಂತಿದ್ದವು. ಹೋಲಿಸಿ ನೋಡುವುದಾದರೆ, ಮರಮುಟ್ಟೂ ಸೇರಿ ಮಂಗಳೂರು ಹೆಂಚಿನ ಮಾಡಿನ ತೂಕ ಚದರ ಮೀಟರಿಗೆ ಸುಮಾರು 65 ಕಿಲೋ. ಕಡಿಮೆ ಮಳೆಯ ಸೀಮೆಯವರು ಹಗುರ ಮಾಡು ಹಾಕಿ, ಹೆಚ್ಚು ಮಳೆಯವರು ಭಾರದ್ದು ಹಾಕಿದ್ದಾರೆಂದು ಊಹಿಸಿದರೆ ನಿಜ ಅದಕ್ಕೆ ತಿರುವುಮುರುವು. ಈ ಭಾರ ಅವರಿಗೆ ಬೇಕಾಗಿತ್ತು. ದಪ್ಪ ಮಣ್ಣು ಹಗಲಿನ ಬಿಸಿಲನ್ನು ಹೀರಿ ಒಳಗೆ ಬಿಡಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ; ಬೇಸಿಗೆಯ ಮಧ್ಯಾಹ್ನ ಮನೆ ತಣ್ಣಗಿರುತ್ತದೆ. ಮೇಲೆ ರಾಗಿ, ಮೆಣಸಿನಕಾಯಿ, ಹಪ್ಪಳ ಒಣಗಿಸಲು ಬಯಲಿನಂಥ ಜಾಗ ಸಿಗುತ್ತದೆ.

ಭಾರ ತಾಳುವುದೇನೋ ಸರಿ, ನೀರು? ಅಲ್ಲಿಯೇ ಮಾಳಿಗೆಯ ವಿಜ್ಞಾನವಿರುವುದು. ಬಯಲುಸೀಮೆಯ ಜನ ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಚೌಳು ಮಣ್ಣು ಹರಡುತ್ತಿದ್ದರು. ಬೆಳೆಗೆ ಬಾರದ, ಬೇರನ್ನು ಉಸಿರುಗಟ್ಟಿಸುವ ಮಣ್ಣು ಮಾಡಿಗೆ ಒದಗುವುದಕ್ಕೆ ಕಾರಣ ಅದರಲ್ಲಿರುವ ಸೋಡಿಯಂ. ಸಾಮಾನ್ಯ ಜೇಡಿಯಲ್ಲಿ ಕಣಗಳು ಗುಂಪುಗುಂಪಾಗಿ ಅಂಟಿಕೊಂಡು ನಡುವೆ ಸಂದು ಉಳಿಸುತ್ತವೆ. ಸೋಡಿಯಂ ಹೆಚ್ಚಿದ್ದರೆ ಮೊದಲ ಹನಿ ತಾಗುತ್ತಲೇ ಆ ಗುಂಪುಗಳು ಬಿಡಿಬಿಡಿಯಾಗಿ ಚದುರಿ, ಉಬ್ಬಿ, ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗಗೊಡದ ಗುಣವೇ ಮಾಳಿಗೆಯ ಮೇಲೆ ನೀರು ಇಳಿಯಗೊಡದ ಗುಣ. ಮೇಲೆ ಮುಚ್ಚಿದ್ದಷ್ಟೇ ಅಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಓರೆ ಕೊಟ್ಟು ದೋಣಿಯ ಮೂಲಕ ನೀರನ್ನು ಬೀದಿಗೆ ಬಿಡುತ್ತಿದ್ದರು. ಗುಡುಗಿನ ಮಳೆ ಅರ್ಧ ಗಂಟೆ ಹೊಡೆದು, ಮಾರನೆಯ ದಿನ ಬಿಸಿಲು ಬಂದು ಮಣ್ಣು ಒಣಗುವ ಹವಾಮಾನಕ್ಕೆ ಇದು ತಕ್ಕ ಏರ್ಪಾಡು. ಚಪ್ಪಟೆಯಾಗಿದ್ದರೂ ನೀರು ಅದರ ಮೇಲೆ ನಿಲ್ಲುತ್ತಿರಲಿಲ್ಲ. ಸೋಲುತ್ತಿದ್ದದ್ದು ಯಾವಾಗ? ಹಿಂಗಾರಿನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಮೂರು ನಾಲ್ಕು ದಿನ ಬಿಡದೆ ಹಿಡಿದುಕೊಂಡಾಗ. ಆಗ ಮಣ್ಣಿಗೆ ಒಣಗಲು ಪುರಸೊತ್ತಿಲ್ಲ. ಹದಿನೈದು ಸೆಂಟಿಮೀಟರ್ ಮಣ್ಣು ತನ್ನ ಗಾತ್ರದ ಐದನೆಯ ಒಂದು ಪಾಲು ನೀರು ಕುಡಿದರೂ ಚದರ ಮೀಟರಿಗೆ 30 ಕಿಲೋ ಹೆಚ್ಚುತ್ತದೆ. ವರ್ಷವರ್ಷವೂ ಹಾಕಿದ ಹೊಸ ಮಣ್ಣು ಮೊದಲೇ ಮಾಡನ್ನು ಭಾರಗೊಳಿಸಿರುತ್ತದೆ. ಗೋಡೆಯೊಳಗೆ ಹೂತ ತೊಲೆಯ ತುದಿಯನ್ನು ಗೆದ್ದಲು, ತೇವ ತಿಂದಿರುತ್ತವೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸತತವಾಗಿ ಸುರಿದ ಮಳೆ, ಪ್ರವಾಹಗಳಿಗೆ ಮಣ್ಣಿನ ಮನೆಗಳು ಸಾಲುಸಾಲಾಗಿ ನೆಲ ಕಚ್ಚಿದ್ದವು. ಲಡಾಖಿನ ಲೇಹ್ ಊರಿಗೆ ವರ್ಷವಿಡೀ ಬರುವುದು ಸುಮಾರು 100 ಮಿಲಿಮೀಟರ್. ಅಲ್ಲಿ 2010ರ ಆಗಸ್ಟ್ 6ರ ನಸುಕಿನ ಮೇಘಸ್ಫೋಟದಲ್ಲಿ ಮಣ್ಣಿನ ಮನೆಗಳು ಕರಗಿ, ಕೊಚ್ಚಿಹೋಗಿ, ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ವರ್ಷದ ಸರಾಸರಿ ಮಳೆ ನೋಡಿ ಮಾಡು ಕಟ್ಟಿದವರಿಗೆ ಒಂದು ದಿನದ ಮಳೆ ಕೊಟ್ಟ ಉತ್ತರ ಅದು.

ಇಂದು ಅಂತರಘಟ್ಟೆಯ ಸುತ್ತಮುತ್ತ ಹೊಸ ಮನೆ ಎಂದರೆ ಆರ್‌ಸಿಸಿ ತಾರಸಿ. ಶೃಂಗೇರಿಯಲ್ಲೂ ಅದೇ, ಹೊಸದುರ್ಗದಲ್ಲೂ ಅದೇ. ಹನ್ನೆರಡೂವರೆ ಸೆಂಟಿಮೀಟರ್ ಕಾಂಕ್ರೀಟಿನ ತೂಕ ಚದರ ಮೀಟರಿಗೆ 310 ಕಿಲೋ ಆಸುಪಾಸು, ಹಳೆಯ ಮಾಳಿಗೆಯಷ್ಟೇ. ಮಣ್ಣಿಗಿಂತ ಗಟ್ಟಿ, ಗೆದ್ದಲಿಲ್ಲ, ವರ್ಷವರ್ಷ ಕೈ ಹಾಕಬೇಕಿಲ್ಲ ಎಂಬ ಭರವಸೆಯೇ ಇದರ ಆಕರ್ಷಣೆ. ಆ ಭರವಸೆಯಲ್ಲಿಯೇ ಅಪಾಯವೂ ಇದೆ. ಹತ್ತು ಮೀಟರ್ ಅಗಲ, ಹನ್ನೆರಡು ಮೀಟರ್ ಉದ್ದದ ತಾರಸಿಯನ್ನು ತೆಗೆದುಕೊಳ್ಳಿ. ಗಂಟೆಗೆ 60 ಮಿಲಿಮೀಟರ್ ವೇಗದ ಗುಡುಗು ಮಳೆ ಬಯಲುಸೀಮೆಗೆ ಅಪರೂಪವೇನಲ್ಲ. ಆಗ ಆ ತಾರಸಿಯ ಮೇಲೆ ಸೆಕೆಂಡಿಗೆ ಎರಡು ಲೀಟರ್ ನೀರು ಬೀಳುತ್ತಿರುತ್ತದೆ. ಸುತ್ತ ಮೊಳಕಾಲೆತ್ತರದ ಕೈಪಿಡಿ ಗೋಡೆ, ಮೂಲೆಯಲ್ಲಿ ಒಂದೇ ಒಂದು ಕೊಳವೆ, ಆ ಕೊಳವೆಯ ಬಾಯಿಗೆ ತೆಂಗಿನ ಗರಿಯ ಚೂರೋ ಪ್ಲಾಸ್ಟಿಕ್ ಚೀಲವೋ ಅಡ್ಡ ಬಂದರೆ ಅರ್ಧ ಗಂಟೆಯಲ್ಲಿ 3,600 ಕಿಲೋ ನೀರು ಮನೆಯ ತಲೆಯ ಮೇಲೆ ಕೂರುತ್ತದೆ.

ಈ ಸೀಮೆಗೆ ಆಕಾಶದಿಂದ ಮಂಜುಗಡ್ಡೆ ಬೀಳುವುದೇ ಇಲ್ಲವೆಂದಲ್ಲ. ಏಪ್ರಿಲ್, ಮೇ ತಿಂಗಳ ಸುಡುಬಿಸಿಲಿನಲ್ಲಿ ನೆಲದ ಗಾಳಿ ಕಾದು ಮೇಲೇರಿ, ಹತ್ತು ಕಿಲೋಮೀಟರಿಗೂ ಎತ್ತರದ ಮೋಡಗಳು ಎದ್ದಾಗ ಆಲಿಕಲ್ಲು ಸುರಿಯುತ್ತದೆ. ನಮ್ಮ ಅಕ್ಷಾಂಶದಲ್ಲಿ ನೀರು ಹೆಪ್ಪುಗಟ್ಟುವ ಮಟ್ಟ ಸುಮಾರು ಐದು ಕಿಲೋಮೀಟರ್ ಎತ್ತರದಲ್ಲಿದೆ. ಕಡೂರು ಸೀಮೆಯ ನೆಲ ತಲುಪುವ ಕಲ್ಲು ಬೆಚ್ಚನೆಯ ಗಾಳಿಯಲ್ಲಿ ನಾಲ್ಕು ಕಿಲೋಮೀಟರಿನಷ್ಟು ಇಳಿದೂ ಕರಗದೆ ಉಳಿದದ್ದು. ಎರಡೂವರೆಯಿಂದ ನಾಲ್ಕೂವರೆ ಸೆಂಟಿಮೀಟರ್ ಗಾತ್ರದ ಕಲ್ಲು ಗಂಟೆಗೆ 40ರಿಂದ 65 ಕಿಲೋಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ಹೆಂಚು, ಸಿಮೆಂಟ್ ಶೀಟು ಒಡೆಯಲು ಅಷ್ಟು ಸಾಕು. ತಾರಸಿಯ ಕಾಂಕ್ರೀಟಿಗೆ ಅದರಿಂದ ಏನೂ ಆಗುವುದಿಲ್ಲ. ಮೂರು ಸೆಂಟಿಮೀಟರ್ ದಪ್ಪಕ್ಕೆ ರಾಶಿ ಬಿದ್ದರೂ ಅದರ ಭಾರ ಚದರ ಮೀಟರಿಗೆ ಹದಿನೈದು ಕಿಲೋ ಮೇಲೆ ಕೆಳಗೆ, ಅಷ್ಟೇ. ಆದರೆ ಆಲಿಕಲ್ಲು ಕಿತ್ತು ಹಾಕಿದ ಎಲೆಗಳ ಜೊತೆ ನೀರಿನಲ್ಲಿ ತೇಲಿಕೊಂಡು ಹೋಗಿ ಕೊಳವೆಯ ಬಾಯಲ್ಲಿ ರಾಶಿಯಾಗಿ ಕೂರುತ್ತದೆ. ಅದರ ಹಿಂದೆಯೇ ಬರುವ ಬಿರುಮಳೆಗೆ ಹೋಗಲು ದಾರಿಯಿರುವುದಿಲ್ಲ. ಬಾಸ್ಟನ್ನಿನ ಸೂರಿನಲ್ಲಿ ವಾರಗಟ್ಟಲೆ ನಡೆಯುವುದು ಇಲ್ಲಿ ಹತ್ತು ನಿಮಿಷದಲ್ಲಿ ನಡೆದುಹೋಗುತ್ತದೆ. ಎರಡು ಕಡೆಯೂ ತೊಂದರೆ ಕೊಡುವುದು ಮಂಜುಗಡ್ಡೆಯ ತೂಕವಲ್ಲ, ಅದು ತಡೆದು ನಿಲ್ಲಿಸಿದ ನೀರು.

ಇದಕ್ಕೆ ಕಟ್ಟಡ ಬಲ್ಲವರು ಒಂದು ಆಕ್ಷೇಪ ಎತ್ತಬಹುದು, ಅದು ಬಲವಾದ ಆಕ್ಷೇಪವೇ. ಜನ ಓಡಾಡುವ ತಾರಸಿ ತನ್ನ ಸ್ವಂತ ಭಾರದ ಮೇಲೆ ಚದರ ಮೀಟರಿಗೆ ಸುಮಾರು 150 ಕಿಲೋ ಹೆಚ್ಚುವರಿ ಭಾರ ತಾಳಬೇಕೆಂದು ಐಎಸ್ 875 ಸಂಹಿತೆಯ ಎರಡನೆಯ ಭಾಗವೇ ಹೇಳುತ್ತದೆ. ಅದು ಹದಿನೈದು ಸೆಂಟಿಮೀಟರ್ ನೀರಿಗೆ ಸಮ. ನಾಲ್ಕು ಬೆರಳು ನೀರು ನಿಂತರೆ ತಾರಸಿ ಬೀಳುತ್ತದೆಯೇ? ಬೀಳುವುದಿಲ್ಲ. ಚೆನ್ನಾಗಿ ಕಟ್ಟಿದ ಹೊಸ ತಾರಸಿ ಅಂದು ಬೀಳುವುದಿಲ್ಲ. ನಿಂತ ನೀರು ಹೊಡೆಯುವುದು ತೂಕದಿಂದಲ್ಲ, ಸಮಯದಿಂದ. ಕೂದಲೆಳೆಯ ಬಿರುಕಿನಿಂದ ಇಳಿದ ನೀರು, ಗಾಳಿ ಎರಡೂ ಸೇರಿ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತವೆ. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದಲೇ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಸೀಳು ಅಗಲವಾದಷ್ಟೂ ನೀರಿಗೆ ದಾರಿ ಸಲೀಸು. ಚಾವಣಿಯಿಂದ ಗಾರೆ ಚಕ್ಕೆಚಕ್ಕೆಯಾಗಿ ಉದುರಿ ಕಂಬಿ ಕಾಣುವ ಹೊತ್ತಿಗೆ ಹದಿನೈದು, ಇಪ್ಪತ್ತು ವರ್ಷಗಳ ನಿಂತ ನೀರು ತನ್ನ ಕೆಲಸ ಮುಗಿಸಿರುತ್ತದೆ. ಜರ್ಮನಿಯ ಬಾಡ್ ರೈಶನ್‌ಹಾಲ್ ಊರಿನ ಸ್ಕೇಟಿಂಗ್ ಮಂದಿರದ ಮಾಡು 2006ರ ಜನವರಿ 2ರಂದು ಹಿಮದಡಿ ಕುಸಿದು ಹದಿನೈದು ಜನ ಸತ್ತರು. ತನಿಖೆಯಲ್ಲಿ ತಿಳಿದದ್ದೇನೆಂದರೆ, ಅಂದಿನ ಹಿಮದ ಭಾರ ಕಟ್ಟಡ ತಾಳಲೇಬೇಕಾಗಿದ್ದ ಮಿತಿಯನ್ನು ಮೀರಿರಲಿಲ್ಲ. ಮರದ ತೊಲೆಗಳನ್ನು ಜೋಡಿಸಿದ್ದ ಅಂಟು ದಶಕಗಳ ತೇವಕ್ಕೆ ಸಿಕ್ಕು ಸತ್ವ ಕಳೆದುಕೊಂಡಿತ್ತು. ಅದೇ ತಿಂಗಳ 28ರಂದು ಪೋಲೆಂಡಿನ ಕಾಟೋವಿಟ್ಸೆಯ ಪ್ರದರ್ಶನ ಮಂದಿರ ಕುಸಿದು 65 ಜನ ಪ್ರಾಣಬಿಟ್ಟರು. ಅಲ್ಲಿ ವಿನ್ಯಾಸದ ದೋಷದ ಜೊತೆಗೆ ಮಾಡಿನ ಮೇಲೆ ತೆಗೆಯದೆ ಬಿಟ್ಟ ಹಿಮ, ಮಂಜುಗಡ್ಡೆ ಸೇರಿತ್ತು. ಮೊದಲ ದಿನ ಸಂಹಿತೆಗೆ ಸರಿಯಾಗಿದ್ದ ಮಾಡು ಮೂವತ್ತು ವರ್ಷ ತೇವ ಕುಡಿದ ಮೇಲೂ ಹಾಗೇ ಇರುತ್ತದೆಂದು ಯಾವ ಸಂಹಿತೆಯೂ ಹೇಳಿಲ್ಲ.

ಇನ್ನೊಂದು ಆಕ್ಷೇಪ ಮನೆಯೊಡೆಯರದು. ಇಳಿಜಾರು ಮಾಡಿದರೆ ತಾರಸಿಯ ಉಪಯೋಗವೇ ಹೋಗುತ್ತದಲ್ಲ, ಅಡಿಕೆ, ಕೊಬ್ಬರಿ, ಈರುಳ್ಳಿ ಎಲ್ಲಿ ಹರಡುವುದು? ನ್ಯಾಯವಾದ ಮಾತು, ಆದರೆ ನೀರು ಹರಿಸಲು ಕಡಿದಾದ ಮಾಡೇ ಬೇಕಿಲ್ಲ. ನೂರಕ್ಕೆ ಒಂದರ ಓರೆ ಸಾಕು. ಹತ್ತು ಮೀಟರ್ ಉದ್ದಕ್ಕೆ ಹತ್ತು ಸೆಂಟಿಮೀಟರ್ ತಗ್ಗು. ಅದರ ಮೇಲೆ ಅಡಿಕೆ ಉರುಳುವುದಿಲ್ಲ, ನೀರು ನಿಲ್ಲುವುದಿಲ್ಲ. ಒಂದರ ಬದಲು ಎರಡು ಕೊಳವೆ, ಅವು ಕಟ್ಟಿಕೊಂಡರೆ ಕೈಪಿಡಿ ಗೋಡೆಯಲ್ಲಿ ಸ್ವಲ್ಪ ಮೇಲೆ ನೀರು ಹೊರಚೆಲ್ಲುವ ಒಂದು ತೂತು. ಇಷ್ಟಕ್ಕೆ ಮನೆ ಕಟ್ಟುವಾಗ ತಗಲುವ ಖರ್ಚು ಅಲ್ಪ, ಆಮೇಲೆ ಸರಿಪಡಿಸಲು ಹೋದರೆ ದೊಡ್ಡದು. ಸೋರಿಕೆ ತಡೆಯುವ ಬಣ್ಣ, ರಾಸಾಯನಿಕ ಲೇಪ ಬಂದಿವೆಯಲ್ಲ ಎನ್ನುವವರೂ ಇದ್ದಾರೆ. ಅವು ಕೆಲಸ ಮಾಡುತ್ತವೆ, ಆದರೆ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವ ಕಾಂಕ್ರೀಟಿನ ಮೇಲೆ ಅವೂ ಬಿರಿಯುತ್ತವೆ. ಓರೆ ಬಿರಿಯುವುದಿಲ್ಲ.

ಮಲೆನಾಡಿನವರು ಇತ್ತೀಚೆಗೆ ತಾವೇ ಒಂದು ಉತ್ತರ ಕಂಡುಕೊಂಡಿದ್ದಾರೆ: ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟು ಹೊದಿಸುವುದು. ತರೀಕೆರೆ ಕಡೆಯಿಂದ ಅದು ಬಯಲಿಗೂ ಇಳಿಯುತ್ತಿದೆ. ಎರಡೆರಡು ಮಾಡಿಗೆ ದುಡ್ಡು ಸುರಿಯುವುದು ದಂಡ ಎಂದು ಕೆಲವರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಹಿಮದ ನಾಡಿನವರ ಎರಡು ಪದರದ ಏರ್ಪಾಡು ಇಲ್ಲಿ ಬೇರೆ ಕಾರಣಕ್ಕೆ ಮರುಹುಟ್ಟು ಪಡೆದಿದೆ. ಮೇಲಿನ ತಗಡು ಮಳೆಯನ್ನು ಇಳಿಸುತ್ತದೆ, ಬಿಸಿಲನ್ನು ತಡೆಯುತ್ತದೆ. ನಡುವಿನ ಗಾಳಿ ಶಾಖವನ್ನು ಹೊತ್ತೊಯ್ಯುತ್ತದೆ. ಕೆಳಗಿನ ಕಾಂಕ್ರೀಟು ಒಣಗಿರುತ್ತದೆ. ಜಡಿಮಳೆಯಲ್ಲೂ ಅಡಿಕೆ ಹರಡಲು ಜಾಗ ಉಳಿಯುತ್ತದೆ. ಒಂದೇ ಎಚ್ಚರ: ಹಗುರವಾದ ತಗಡಿಗೆ ಭಯವಿರುವುದು ಮೇಲಿಂದ ಬೀಳುವುದರದ್ದಲ್ಲ, ಕೆಳಗಿನಿಂದ ಎತ್ತುವ ಗಾಳಿಯದು. ಬೆಂಗಳೂರಿನಂಥ ಒಳನಾಡಿಗೆ ಸಂಹಿತೆ ಹಿಡಿಯುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್. ಆ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 65 ಕಿಲೋ. ತಗಡಿನ ಸ್ವಂತ ತೂಕ ಐದು ಕಿಲೋ ಆಸುಪಾಸು. ಹೆಂಚಿನ ಮಾಡು ತನ್ನ ತೂಕದಿಂದಲೇ ನೆಲೆ ನಿಲ್ಲುತ್ತಿತ್ತು, ತಗಡು ನಿಲ್ಲುವುದು ಬೋಲ್ಟಿನ ಬಲದಿಂದ ಮಾತ್ರ. ಮೇಲೆ ನಾಲ್ಕು ಕಲ್ಲು ಹೇರಿ ಬಿಡುವುದು ಆ ಗಾಳಿಗೆ ಸಾಲದು, ಹಾರಿದ ಕಲ್ಲು ಪಕ್ಕದ ಮನೆಯವರಿಗೂ ಅಪಾಯ.

ಕೊನೆಗೆ ಉಳಿಯುವ ಪ್ರಶ್ನೆ, ಮಳೆಯೇ ಕಡಿಮೆಯಿರುವ ಕಡೂರು ಸೀಮೆಯಲ್ಲಿ ನೀರನ್ನು ಓಡಿಸುವ ಮಾತೇಕೆ ಎಂಬುದು. ಮಾಡಿನಿಂದ ಓಡಿಸಬೇಕೆಂದರೆ ಊರಿನಿಂದ ಓಡಿಸಬೇಕೆಂದಲ್ಲ. ಅದೇ 120 ಚದರ ಮೀಟರ್ ತಾರಸಿಯ ಮೇಲೆ 600 ಮಿಲಿಮೀಟರ್ ಮಳೆಯೆಂದರೆ ವರ್ಷಕ್ಕೆ 72,000 ಲೀಟರ್. ಐದನೆಯ ಒಂದು ಪಾಲು ಆವಿಯಾಗಿ, ಚೆಲ್ಲಿ ಹೋದರೂ 57,000 ಲೀಟರಿಗೆ ಮೋಸವಿಲ್ಲ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು 9,125 ಲೀಟರ್. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಎ.ಆರ್. ಶಿವಕುಮಾರ್ ಬೆಂಗಳೂರಿನ ತಮ್ಮ ಮನೆಯನ್ನು 1990ರ ದಶಕದಿಂದ ಮಳೆನೀರಿನಲ್ಲೇ ನಡೆಸಿ ತೋರಿಸಿದ್ದಾರೆ. ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡುವ ಕಾನೂನು 2009ರಲ್ಲಿ ಬಂತು. ಬೋರ್‌ವೆಲ್ ವರ್ಷವರ್ಷ ಆಳಕ್ಕಿಳಿಯುತ್ತಿರುವ ಕಡೂರು, ಅಜ್ಜಂಪುರದ ಹಳ್ಳಿಗಳಿಗೆ ಇದರ ಅಗತ್ಯ ಬೆಂಗಳೂರಿಗಿಂತ ಹೆಚ್ಚು. ಮಾಡಿಗೆ ಒಳ್ಳೆಯ ಓರೆ, ಕಸ ತಡೆಯುವ ಜಾಲರಿ, ಮೊದಲ ಮಳೆಯ ಕೊಳೆಯನ್ನು ಹೊರಬಿಡುವ ಒಂದು ತಿರುವು, ಕೆಳಗೆ ತೊಟ್ಟಿ. ನೀರು ಮೇಲೆ ನಿಲ್ಲದಂತೆ ಮಾಡುವ ಏರ್ಪಾಡೇ ಅದನ್ನು ಕೆಳಗೆ ಶುದ್ಧವಾಗಿ ನಿಲ್ಲಿಸುವ ಏರ್ಪಾಡು.

ಭರಣಿ, ಕೃತ್ತಿಕೆಯ ಮಳೆಗೆ ಮುಂಚೆ ಒಮ್ಮೆ ನಿಮ್ಮ ತಾರಸಿಗೆ ಹತ್ತಿ. ಕೊಳವೆಯ ಬಾಯಿ ಬರಿಗೈಯಲ್ಲಿ ತೆರವು ಮಾಡಿ, ನಾಲ್ಕು ಬಿಂದಿಗೆ ನೀರು ಸುರಿದು ಅದು ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಅರ್ಧ ಗಂಟೆಯ ಮೇಲೂ ಹೊಳೆಯುತ್ತಿರುವ ಜಾಗವಿದ್ದರೆ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಗಾರೆಯವರನ್ನು ಕರೆಸಿ ಆ ತಗ್ಗನ್ನು ಮಳೆಗಾಲದೊಳಗೆ ತುಂಬಿಸಿಬಿಡಿ.